ಕಾಗಿಣಾ ಕಣಿವೆಯ ಹಾಳು ನೆಲೆಗಳು

ಕಲಬುರಗಿ ಜಿಲ್ಲೆಯ ಪೂರ್ವ ಭಾಗದ ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್ ತಾಲ್ಲೂಕುಗಳಲ್ಲಿ ಕಾಗಿಣಾ ನದಿಯ ಉದ್ದಕ್ಕೂ, ಅದು ಭೀಮೆಯನ್ನು ಕೂಡುವ ಆಸುಪಾಸಿನಲ್ಲೂ ಉಳಿದಿರುವ ಸ್ತೂಪ, ರಾಜಧಾನಿ, ಘಟಿಕಾಸ್ಥಾನ, ಬಸದಿ, ಕೋಟೆ, ವಾಡೆ ಮತ್ತು ಮುಚ್ಚಿದ ಕಾರ್ಖಾನೆಗಳ ಸಮೂಹವನ್ನು ಕಾಗಿಣಾ ಕಣಿವೆಯ ಹಾಳು ನೆಲೆಗಳು ಎಂದು ಕರೆಯಬಹುದು. ಇವು ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನದಿಂದ 1990ರ ದಶಕದಲ್ಲಿ ನಿಂತ ಸಿಮೆಂಟ್ ಗೂಡುಗಳವರೆಗೆ ಹರಡಿವೆ. ದಕ್ಷಿಣ ಭಾರತದ ದೊಡ್ಡ ಸಾಮ್ರಾಜ್ಯವೊಂದರ ರಾಜಧಾನಿಯೂ ಸರ್ಕಾರಿ ಉದ್ದಿಮೆಯೊಂದರ ಪಾಳು ಕಾರ್ಖಾನೆಯೂ ಒಂದೇ ತಾಲ್ಲೂಕಿನಲ್ಲಿ, ಒಂದೇ ಸುಣ್ಣಕಲ್ಲಿನ ಹಾಸಿನ ಮೇಲೆ ಇರುವುದು ಈ ಸಮೂಹದ ವಿಶೇಷ.

ಪರಿಭಾಷೆ

ಈ ಲೇಖನದಲ್ಲಿ ‘ಅವನತಿ’ ಎಂದರೆ ಒಂದು ಊರು ತನ್ನ ಕೇಂದ್ರಸ್ಥಾನವನ್ನು ಕಳೆದುಕೊಳ್ಳುವುದು. ‘ಹಾಳಾಗುವುದು’ ಎಂದರೆ ಜನ ಅಲ್ಲಿನ ವಾಸ ಬಿಡುವುದು. ‘ಶಿಥಿಲತೆ’ ಎಂದರೆ ಕಟ್ಟಡ ಸವೆದು ಬೀಳುವುದು. ಮೂರೂ ಒಟ್ಟಿಗೇ ಆಗಬೇಕೆಂದಿಲ್ಲ. ಮಳಖೇಡ ಅವನತಿ ಹೊಂದಿದೆ, ಹಾಳಾಗಿಲ್ಲ. ಅಲ್ಲಿ ಇಂದಿಗೂ ಜನವಸತಿ ಇದೆ. ಕನಗನಹಳ್ಳಿಯ ಸ್ತೂಪ ಹಾಳಾಗಿ, ಮಣ್ಣಿನಡಿ ಹೂತು, ಆ ಕಾರಣಕ್ಕೇ ಶಿಥಿಲತೆಯಿಂದ ಎಷ್ಟೋ ಪಾಲು ತಪ್ಪಿಸಿಕೊಂಡಿತು. ಜನ ಸಂಪೂರ್ಣವಾಗಿ ಬಿಟ್ಟುಹೋದ ಗ್ರಾಮಗಳನ್ನು ಕಂದಾಯ ದಾಖಲೆಗಳು ‘ಬೇಚರಾಕ್’ ಎಂದು ಗುರುತಿಸುತ್ತವೆ. ಅಂಥ ಗ್ರಾಮಕ್ಕೆ ನಕ್ಷೆಯಲ್ಲಿ ಎಲ್ಲೆ ಇರುತ್ತದೆ, ಹೊಲಗಳಿಗೆ ಸರ್ವೆ ನಂಬರು ಇರುತ್ತದೆ, ಮನೆ ಮಾತ್ರ ಇರುವುದಿಲ್ಲ. ಆಡುಮಾತಿನಲ್ಲಿ ಇವೇ ಹಾಳೂರುಗಳು.

ನೆಲ ಮತ್ತು ಕಲ್ಲು

ಕಾಗಿಣಾ ತೆಲಂಗಾಣದ ವಿಕಾರಾಬಾದ್ ಸೀಮೆಯಲ್ಲಿ ಹುಟ್ಟಿ, ತಾಂಡೂರಿನ ಬಳಿ ಹಾದು ಕರ್ನಾಟಕಕ್ಕೆ ಬರುತ್ತದೆ. ಚಿಂಚೋಳಿಯ ಕಡೆಯಿಂದ ಮುಲ್ಲಾಮಾರಿ, ಸೇಡಂ ಬದಿಯಿಂದ ಕಮಲಾವತಿ ಅದನ್ನು ಸೇರುತ್ತವೆ. ಮಳಖೇಡದ ಕೋಟೆಯನ್ನು ಒರಸಿಕೊಂಡು ಹರಿದು, ಶಹಾಬಾದ್ ಸಮೀಪದ ಹೊನಗುಂಟಾದಲ್ಲಿ ಅದು ಭೀಮೆಗೆ ಕೂಡುತ್ತದೆ.

ಚಿಂಚೋಳಿಯ ಎತ್ತರದ ನೆಲದಲ್ಲಿ ದಖನ್ ಬಸಾಲ್ಟೂ ಮುರಕಲ್ಲೂ ಇವೆ. ಅಲ್ಲಿಂದ ಕೆಳಗಿಳಿದಂತೆ ಭೂವಿಜ್ಞಾನಿಗಳು ಭೀಮಾ ಸಮೂಹ ಎಂದು ಕರೆಯುವ ಪದರಶಿಲೆಗಳು ತೆರೆದುಕೊಳ್ಳುತ್ತವೆ. ಇವುಗಳಲ್ಲಿ ಮುಖ್ಯವಾದದ್ದು ಶಹಾಬಾದ್ ಸುಣ್ಣಕಲ್ಲು. ಅಡ್ಡಡ್ಡವಾಗಿ, ಸಮಮಟ್ಟದ ಹಾಳೆಗಳಂತೆ ಬಿಡಿಸಿಕೊಳ್ಳುವ ಈ ಬೂದು ಕಲ್ಲಿಗೆ ಸ್ಥಳೀಯ ಹೆಸರು ಫರ್ಶಿ. ಹೆಚ್ಚು ಆಳ ಅಗೆಯದೆ, ಉಳಿ ಮತ್ತು ಸಲಿಕೆಗಳಿಂದಲೇ ಎಬ್ಬಿಸಬಹುದಾದ್ದರಿಂದ ಇಲ್ಲಿ ಕಟ್ಟಡ ಕಟ್ಟುವುದು ಸುಲಭವಾಗಿತ್ತು. ಕನಗನಹಳ್ಳಿಯ ಶಿಲ್ಪಫಲಕಗಳಿಗೆ ಸ್ಥಳೀಯ ಸುಣ್ಣಕಲ್ಲೇ ಒದಗಿದೆ. ಮಳಖೇಡದ ಕೋಟೆಗೋಡೆ, ಹಳ್ಳಿಯ ಮನೆಗಳ ಗೋಡೆ, ಅಂಗಳ, ಕೆಲವೆಡೆ ಮಾಳಿಗೆ, ಹೊಲದ ಬದುವಿಗೆ ನೆಟ್ಟ ಚಪ್ಪಡಿ ಎಲ್ಲಕ್ಕೂ ಅದೇ ಕಲ್ಲು. ಅದನ್ನೇ ಪುಡಿಮಾಡಿ ಸುಟ್ಟರೆ ಸಿಮೆಂಟ್. ಹೀಗಾಗಿ ಈ ಸೀಮೆಯಲ್ಲಿ ಹಳೆಯ ಕಟ್ಟಡ ಎಂದರೆ ಕೈಗೆಟುಕುವ, ಆಗಲೇ ಕಡಿದು ಸಿದ್ಧವಾಗಿರುವ ಕಲ್ಲಿನ ರಾಶಿಯೂ ಹೌದು. ಇಲ್ಲಿನ ಅವಶೇಷಗಳ ಚರಿತ್ರೆಯಲ್ಲಿ ದಾಳಿಕೋರರ ಹೆಸರು ಹೆಚ್ಚು ಕೇಳಿಬಂದರೂ ಗೋಡೆಗಳನ್ನು ಹೆಚ್ಚು ಕರಗಿಸಿದ್ದು ಈ ಮರುಬಳಕೆಯೇ ಎನ್ನಬೇಕು.

ಸನ್ನತಿ ಮತ್ತು ಕನಗನಹಳ್ಳಿ

ಚಿತ್ತಾಪುರ ತಾಲ್ಲೂಕಿನ ಸನ್ನತಿ ಭೀಮೆಯ ಎಡದಂಡೆಯಲ್ಲಿದೆ. ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಜನರಿಗೆ ಮೊದಲಿನಿಂದಲೂ ಪರಿಚಿತವಾದ ಈ ಊರಿನ ಬೌದ್ಧ ಅವಶೇಷಗಳತ್ತ ವಿದ್ವಾಂಸರ ಗಮನ ಸೆಳೆದವರು ಕಪಟರಾಳ ಕೃಷ್ಣರಾವ್, 1954ರಲ್ಲಿ. ಆನಂತರ 1960ರ ದಶಕದಲ್ಲಿ ಎಂ. ಶೇಷಾದ್ರಿ ಅವರ ಪರಿಶೋಧನೆ, 1986ರಿಂದ 1989ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಮತ್ತು ಬ್ರಿಟಿಷ್ ವಿದ್ವಾಂಸರ ಜಂಟಿ ಉತ್ಖನನ ನಡೆದವು. ಊರಿನ ಪಕ್ಕದ ಕೋಟೆಯಾವರಣಕ್ಕೆ ರಣಮಂಡಲ ಎಂಬ ಹೆಸರಿದೆ.

1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಗುಡಿಯ ಮೇಲ್ಛಾವಣಿ ಕುಸಿದು ವಿಗ್ರಹ ಭಗ್ನವಾಯಿತು. ವಿಗ್ರಹ ತೆಗೆದಾಗ ಅದರ ಪೀಠವಾಗಿದ್ದ ಚಪ್ಪಡಿಯ ಎರಡೂ ಮುಖಗಳಲ್ಲಿ ಬ್ರಾಹ್ಮಿ ಲಿಪಿ ಕಂಡಿತು. ಅದು ಅಶೋಕನ ಶಾಸನ: ಒಂದು ಮುಖದಲ್ಲಿ 12 ಮತ್ತು 14ನೆಯ ಪ್ರಧಾನ ಶಿಲಾಶಾಸನಗಳ ಭಾಗ, ಇನ್ನೊಂದರಲ್ಲಿ ಪ್ರತ್ಯೇಕ ಶಾಸನಗಳೆನಿಸಿದ ಎರಡರ ಭಾಗ. ಪ್ರತ್ಯೇಕ ಶಾಸನಗಳು ಅದುವರೆಗೆ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದವು. ಕಳಿಂಗದ ಜನರಿಗೆ ಉದ್ದೇಶಿಸಿದ್ದೆಂದು ತಿಳಿದಿದ್ದ ಮಾತು ಭೀಮೆಯ ದಂಡೆಯಲ್ಲೂ ಕೊರೆದಿದ್ದದ್ದು ಅಶೋಕನ ಆಡಳಿತದ ಬಗೆಗಿನ ತಿಳಿವಳಿಕೆಯನ್ನು ಬದಲಿಸಿತು. ವಿಗ್ರಹದ ಬುಡ ಕೂರಿಸಲು ಚಪ್ಪಡಿಯ ನಡುವೆ ಚೌಕ ಕುಳಿ ಕೊರೆದಿದ್ದರಿಂದ ಕೆಲವು ಸಾಲುಗಳು ನಷ್ಟವಾಗಿವೆ. ಆದರೆ ಪೀಠವಾಗಿ ಗರ್ಭಗುಡಿಯೊಳಗೆ ಉಳಿಯದಿದ್ದರೆ ಆ ಚಪ್ಪಡಿ ಯಾರ ಮನೆಯ ಹೊಸ್ತಿಲಾಗುತ್ತಿತ್ತೋ ಹೇಳಲಾಗದು.

ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ಸರ್ವೇಕ್ಷಣ ನಡೆಸಿದ ಉತ್ಖನನದಲ್ಲಿ ದೊಡ್ಡ ಸ್ತೂಪ ಬೆಳಕಿಗೆ ಬಂತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಅಂಡವನ್ನು, ಅಂದರೆ ಸ್ತೂಪದ ಗುಮ್ಮಟವನ್ನು, ಹೊದಿಸಿದ್ದ ಶಿಲ್ಪಫಲಕಗಳು ಕುಸಿದು ಬಿದ್ದ ಸ್ಥಿತಿಯಲ್ಲೇ ದೊರೆತವು. ಬುದ್ಧನ ಜೀವನ, ಜಾತಕ ಕಥೆಗಳ ಜೊತೆ ಶಾತವಾಹನ ಅರಸರ ಫಲಕಗಳೂ ಇಲ್ಲಿವೆ. ಪರಿಚಾರಿಕೆಯರೊಂದಿಗೆ ನಿಂತ ಅರಸನೊಬ್ಬನ ಫಲಕದ ಮೇಲೆ ‘ರಾಯೋ ಅಸೋಕೋ’ ಎಂಬ ಬರಹವಿದೆ. ಅಶೋಕನನ್ನು ಹೆಸರು ಹಾಕಿ ತೋರಿಸಿದ ಪ್ರಾಚೀನ ಶಿಲ್ಪವಾದ್ದರಿಂದ ಇದಕ್ಕೆ ಭಾರತದ ಕಲಾಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ನೂರಾರು ಸಣ್ಣ ಬ್ರಾಹ್ಮಿ ಬರಹಗಳು ದಾನ ಕೊಟ್ಟ ವರ್ತಕರು, ಗೃಹಸ್ಥರು, ಭಿಕ್ಷುಗಳು, ಭಿಕ್ಷುಣಿಯರ ಹೆಸರುಗಳನ್ನು ಉಳಿಸಿವೆ. ಉತ್ಖನನದ ವರದಿಯನ್ನು ಕೆ.ಪಿ. ಪೂಣಚ್ಚ 2011ರಲ್ಲಿ ಪ್ರಕಟಿಸಿದರು. ಶಾಸನಗಳ ಸಮಗ್ರ ಆವೃತ್ತಿ 2014ರಲ್ಲಿ ಬಂತು.

ಸ್ತೂಪದ ಏಳಿಗೆ ಕ್ರಿಸ್ತಶಕದ ಮೊದಲ ಶತಮಾನಗಳದು. ಶಾತವಾಹನರ ಆಳ್ವಿಕೆ ಕೊನೆಗೊಂಡು ದಾನದ ಮೂಲ ಬತ್ತಿದ ಮೇಲೆ ಬೌದ್ಧ ನೆಲೆಯಾಗಿ ಅದರ ಬಾಳು ಮುಗಿಯಿತು. ಯಾರೋ ಬಂದು ಕೆಡವಿದ್ದಕ್ಕೆ ಶಾಸನಾಧಾರವಿಲ್ಲ.

ಮಾನ್ಯಖೇಟ

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕಲಬುರಗಿಯಿಂದ ಆಗ್ನೇಯಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ಕಾಗಿಣಾ ದಂಡೆಯಲ್ಲಿದೆ. ಒಂದನೆಯ ಅಮೋಘವರ್ಷ ನೃಪತುಂಗನ (814–878) ಕಾಲದಲ್ಲಿ ಅದು ಸಾಮ್ರಾಜ್ಯದ ಕೇಂದ್ರವಾಯಿತು. ಇಂದ್ರನ ನಗರಿಯ ಹೆಮ್ಮೆಯನ್ನೂ ತಗ್ಗಿಸುವಂಥ ಪಟ್ಟಣವೆಂದು ಕರ್ಡಾ ತಾಮ್ರಪಟ ಇದನ್ನು ಹೊಗಳುತ್ತದೆ. ಆ ತಾಮ್ರಪಟ ಹೊರಟದ್ದು 972ರಲ್ಲಿ, ಪಟ್ಟಣ ಸೂರೆಯಾದ ಕಾಲದಲ್ಲೇ ಎಂಬುದನ್ನು ಓದುವವರು ಮರೆಯಬಾರದು.

851ರ ಅರಬ್ಬಿ ಬರಹವೊಂದು ‘ಬಲ್ಹರಾ’ನನ್ನು ಲೋಕದ ನಾಲ್ಕು ಮಹಾ ಅರಸರಲ್ಲಿ ಒಬ್ಬನೆಂದು ಎಣಿಸುತ್ತದೆ, ಬಲ್ಹರಾ ಎಂದರೆ ರಾಷ್ಟ್ರಕೂಟರ ‘ವಲ್ಲಭರಾಜ’ ಬಿರುದಿನ ಅರಬ್ಬಿ ರೂಪ. 10ನೆಯ ಶತಮಾನದ ಅಲ್ ಮಸೂದಿ ಅವನ ರಾಜಧಾನಿಯನ್ನು ‘ಮಾನ್ಕೀರ್’ ಎಂದು ಬರೆದಿದ್ದಾನೆ. ಕನ್ನಡದಲ್ಲಿ ದೊರೆತ ಮೊದಲ ಗ್ರಂಥ, ಶ್ರೀವಿಜಯನ ‘ಕವಿರಾಜಮಾರ್ಗ’ (ಸುಮಾರು 850), ಈ ಆಸ್ಥಾನದ್ದು. ಜಿನಸೇನ, ಗುಣಭದ್ರರ ಮಹಾಪುರಾಣ, ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’, ಶಾಕಟಾಯನನ ವ್ಯಾಕರಣ, ಉಗ್ರಾದಿತ್ಯನ ವೈದ್ಯಗ್ರಂಥ ‘ಕಲ್ಯಾಣಕಾರಕ’ಗಳಿಗೆ ರಾಷ್ಟ್ರಕೂಟರ ಆಶ್ರಯವಿತ್ತು. ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ ಪುಷ್ಪದಂತ ಮಾನ್ಯಖೇಟದಲ್ಲಿದ್ದುಕೊಂಡು ಅಪಭ್ರಂಶದ ‘ಮಹಾಪುರಾಣ’ವನ್ನು 965ರಲ್ಲಿ ಮುಗಿಸಿದನು.

ಪತನದ ಘಟನಾವಳಿ ಹೀಗಿದೆ. ಮೂರನೆಯ ಕೃಷ್ಣ 967ರಲ್ಲಿ ತೀರಿಕೊಂಡನು. ತಮ್ಮ ಖೊಟ್ಟಿಗನ ಕಾಲದಲ್ಲಿ, 972ರಲ್ಲಿ, ಮಾಳವದ ಪರಮಾರ ಸೀಯಕ ಹರ್ಷ ದಂಡೆತ್ತಿ ಬಂದು ರಾಜಧಾನಿಯನ್ನು ಸೂರೆಮಾಡಿದನು. ಮರುವರ್ಷ, 973ರಲ್ಲಿ, ಸಾಮಂತನಾಗಿದ್ದ ಚಾಲುಕ್ಯ ಇಮ್ಮಡಿ ತೈಲಪ ಕೊನೆಯ ಅರಸ ಎರಡನೆಯ ಕರ್ಕನನ್ನು ಸೋಲಿಸಿ ಅಧಿಕಾರ ಹಿಡಿದನು. ಗಂಗರ ಮಾರಸಿಂಹ ಪಟ್ಟ ಕಟ್ಟಿಸಲು ಯತ್ನಿಸಿದ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟನು.

ಸೂರೆಯ ನೆನಪು ಎರಡು ಅನಿರೀಕ್ಷಿತ ಕಡೆ ಉಳಿದಿದೆ. ಧನಪಾಲ ತನ್ನ ತಂಗಿಗಾಗಿ ಧಾರಾನಗರದಲ್ಲಿ ಬರೆದ ‘ಪಾಇಯಲಚ್ಛೀ’ ಎಂಬ ಪ್ರಾಕೃತ ನಿಘಂಟಿನ ಕೊನೆಯಲ್ಲಿ, ಮಾಳವದ ದೊರೆ ಮಾನ್ಯಖೇಟವನ್ನು ಕೊಳ್ಳೆ ಹೊಡೆದ ವಿಕ್ರಮ ಸಂವತ್ 1029ರಲ್ಲಿ ಕೃತಿ ಮುಗಿಯಿತೆಂದು ಕಾಲ ಹೇಳಿದ್ದಾನೆ. ಗೆದ್ದವರ ಊರಿನಲ್ಲಿ ಅದು ತಾರೀಖು ಗುರುತಿಸುವ ಸುದ್ದಿ. ಸೋತ ಊರಿನ ಕವಿಯದೆನ್ನಲಾದ ಸಂಸ್ಕೃತ ಪದ್ಯವೊಂದು ಪುಷ್ಪದಂತನ ಕಾವ್ಯದ ಹಸ್ತಪ್ರತಿಗಳಲ್ಲಿ ಸೇರಿಕೊಂಡಿದೆ. ಧಾರೆಯ ಅರಸನ ಕೋಪಕ್ಕೆ ಪಟ್ಟಣ ಸುಟ್ಟುಹೋದ ಮೇಲೆ ತಾನೆಲ್ಲಿ ವಾಸಿಸಲಿ ಎಂಬುದು ಅದರ ಅಳಲು.

ಈ ಎರಡು ಸಾಕ್ಷ್ಯಗಳ ಬಲದಿಂದ 972ರಲ್ಲೇ ಮಾನ್ಯಖೇಟ ಮಣ್ಣುಪಾಲಾಯಿತೆಂದು ಜನಪ್ರಿಯ ಬರಹಗಳು ಹೇಳುತ್ತವೆ. ಅದು ಸರಿಯಲ್ಲ. ಗೆದ್ದ ತೈಲಪನೂ ಅವನ ನಂತರದವರೂ ಮೊದಲು ಆಳಿದ್ದು ಅಲ್ಲಿಂದಲೇ. ಮೊದಲನೆಯ ರಾಜೇಂದ್ರ ಚೋಳನ ಪ್ರಶಸ್ತಿಯಲ್ಲಿ ಬರುವ, ಸುಲಭವಾಗಿ ಹತ್ತಿರ ಹೋಗಲಾಗದ ಕೋಟೆಯುಳ್ಳ ‘ಮಣ್ಣೈಕ್ಕಡಕ್ಕಂ’ ಮಾನ್ಯಖೇಟವೇ ಎಂಬುದು ಸಾಮಾನ್ಯ ಅಭಿಪ್ರಾಯ. ಹಾಗಿದ್ದರೆ ಸೂರೆಯಾಗಿ ನಾಲ್ಕು ದಶಕ ಕಳೆದ ಮೇಲೂ ಗೆದ್ದು ಹೇಳಿಕೊಳ್ಳಬೇಕಾದ ಭದ್ರ ಪಟ್ಟಣ ಅದಾಗಿತ್ತು. ನಿಜವಾದ ತಿರುವು 11ನೆಯ ಶತಮಾನದ ನಡುಗಾಲದ ಹೊತ್ತಿಗೆ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಕಲ್ಯಾಣಕ್ಕೆ, ಇಂದಿನ ಬಸವಕಲ್ಯಾಣಕ್ಕೆ, ಒಯ್ದದ್ದು. ಸೂರೆ ಹೋದ ಪಟ್ಟಣವನ್ನು ಮತ್ತೆ ಕಟ್ಟಬಹುದು. ಅರಮನೆ, ಬೊಕ್ಕಸ, ದಂಡು, ಅವನ್ನು ನಂಬಿದ ಅಕ್ಕಸಾಲಿಗ, ವರ್ತಕ, ಲಿಪಿಕಾರರು ಒಟ್ಟಾಗಿ ಎದ್ದು ಹೊರಟರೆ ಉಳಿಯುವುದು ಗೋಡೆ ಮತ್ತು ಒಕ್ಕಲುಗಳು.

ಇಂದು ಕಾಣುವ ಅವಶೇಷಗಳಲ್ಲಿ ರಾಷ್ಟ್ರಕೂಟರ ಕಾಲದ್ದೆಂದು ಖಚಿತವಾಗಿ ಹೇಳಬಹುದಾದದ್ದು ಸ್ವಲ್ಪ. ಅರಮನೆಯ ನೆಲೆಗಟ್ಟು ಗುರುತಾಗಿಲ್ಲ. ನದಿಯಂಚಿನ ಕೋಟೆ ಈಗಿನ ರೂಪದಲ್ಲಿ ಬಹಮನಿ ಮತ್ತು ನಂತರದ ಕಾಲದ ಕಟ್ಟಡ; ಅದರಲ್ಲಿ ಹಳೆಯ ಕಲ್ಲುಗಳನ್ನು ಬಳಸಿಕೊಂಡಿದ್ದಾರೆ. ನೇಮಿನಾಥ ಬಸದಿಯ ಕಂಬಗಳು ಹಳೆಯವು. ಅಲ್ಲಿ ತೊಂಬತ್ತಾರು ಜಿನಬಿಂಬಗಳಿರುವ ಲೋಹದ ಕಿರುಮಂದಿರವೊಂದಿದೆ. ನದಿಯ ದಂಡೆಯಲ್ಲಿ ಉತ್ತರಾದಿ ಮಠವಿದ್ದು, ಮಠದ ಪರಂಪರೆಯಂತೆ ದ್ವೈತ ವೇದಾಂತದ ಟೀಕಾಚಾರ್ಯ ಜಯತೀರ್ಥರ ಬೃಂದಾವನ ಇಲ್ಲಿಯದು. ಊರಿನಲ್ಲಿ ಸೂಫಿ ದರ್ಗಾ ಕೂಡ ಇದೆ. ರಾಜಧಾನಿಯ ಪಟ್ಟ ಹೋದ ಮೇಲೆ ಮಳಖೇಡವನ್ನು ಊರಾಗಿ ಉಳಿಸಿದ್ದು ಬಸದಿ, ಮಠ, ದರ್ಗಾಗಳಿಗೆ ಬರುವ ಭಕ್ತರು.

ನಾಗಾವಿ, ಸೇಡಂ ಮತ್ತು ಕಾಳಗಿ

ಚಿತ್ತಾಪುರ ಪಟ್ಟಣಕ್ಕೆ ಹೊಂದಿಕೊಂಡ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಒಂದನೆಯ ಸೋಮೇಶ್ವರನ ಆಳ್ವಿಕೆಯ, 1058ರ ಶಾಸನ ಅದರ ವ್ಯವಸ್ಥೆಯನ್ನು ಲೆಕ್ಕಸಹಿತ ತಿಳಿಸುತ್ತದೆ: ವೇದಾಧ್ಯಯನದ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನದ 50 ವಿದ್ಯಾರ್ಥಿಗಳು, ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು, ಇವರ ಜೊತೆಗೆ ಆರು ಮಂದಿ ಸರಸ್ವತೀಭಾಂಡಾರಿಕರು. ಕೊನೆಯವರು ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದವರು. ಬೋಧಿಸುವವರಷ್ಟೇ ಸಂಖ್ಯೆಯಲ್ಲಿ ಗ್ರಂಥಪಾಲಕರಿದ್ದ ಸಂಸ್ಥೆ ಮಧ್ಯಯುಗದ ದಖನ್ನಿನಲ್ಲಿ ಅಪರೂಪ. ಸ್ಥಾಪಕ ದಂಡನಾಯಕ ಮಧುಸೂದನ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ನಾಗಾವಿಯ ಶಾಸನಗಳನ್ನು 1928ರಲ್ಲಿ ತನ್ನ ಗ್ರಂಥಮಾಲೆಯ 8ನೆಯ ಸಂಪುಟವಾಗಿ ಹೊರತಂದಿತು.

ಈಗ ಅಲ್ಲಿ ಉಳಿದಿರುವುದರಲ್ಲಿ ದೊಡ್ಡದು ಅರವತ್ತು ಕಂಬದ ಗುಡಿ. ಗ್ರಂಥಗಳಲ್ಲಿ ಒಂದೂ ಉಳಿದಿಲ್ಲ; ಅವು ಇದ್ದವೆಂಬುದನ್ನು ಕಲ್ಲು ಹೇಳುತ್ತದೆ. ದತ್ತಿಯ ಭೂಮಿಯಿಂದ ನಡೆಯುತ್ತಿದ್ದ ಸಂಸ್ಥೆ, ದತ್ತಿ ಕಾಯುವ ಅರಸೊತ್ತಿಗೆ 12ನೆಯ ಶತಮಾನದ ಕೊನೆಗೆ ಇಲ್ಲವಾದ ಮೇಲೆ ಬಹುಕಾಲ ನಿಲ್ಲುವುದು ಸಾಧ್ಯವಿರಲಿಲ್ಲ. ಇಂದು ನಾಗಾವಿಗೆ ಜನ ಹೋಗುವುದು ಯಲ್ಲಮ್ಮನ ದರ್ಶನಕ್ಕೆ.

ಶಾಸನಗಳ ‘ಸೇಡಿಂಬ’ವಾದ ಸೇಡಂ 12ನೆಯ ಶತಮಾನದಲ್ಲಿ ಮುನ್ನೂರು ಮಹಾಜನರ ಅಗ್ರಹಾರ. ಪಂಚಲಿಂಗೇಶ್ವರ ಗುಡಿ, ಜೈನ ಬಸದಿ, ಶಾಸನಗಳು ಅದರ ಸಾಕ್ಷಿ. ಸೇಡಂ ಮತ್ತು ಸುತ್ತಲ ಹಳ್ಳಿಗಳ ಜೈನ ಶಾಸನಗಳನ್ನು ಪಿ.ಬಿ. ದೇಸಾಯಿ 1957ರ ತಮ್ಮ ಗ್ರಂಥದಲ್ಲಿ ಸಂಗ್ರಹಿಸಿದ್ದಾರೆ. ಮುಂಚೆ ಚಿತ್ತಾಪುರ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕಾಳಗಿಯಲ್ಲಿ ಚಾಲುಕ್ಯ ಶೈಲಿಯ ಹಲವು ಗುಡಿಗಳಿವೆ. ಚಿಂಚೋಳಿ ತಾಲ್ಲೂಕಿನ ಮೋಘಾದಲ್ಲೂ ಅದೇ ಕಾಲದ ಗುಡಿಯುಂಟು.

ಕೋಟೆ, ಹುಡೆ, ವಾಡೆ

ಬಹಮನಿ ಕಾಲದ ಹಾಳು ಪಟ್ಟಣಗಳಲ್ಲಿ ದೊಡ್ಡದು ಈ ತಾಲ್ಲೂಕುಗಳ ಗಡಿಯಾಚೆ, ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿ ಭೀಮೆಯ ದಂಡೆಯ ಫಿರೋಜಾಬಾದ್. ಫಿರೋಜ್ ಶಾಹ್ ಬಹಮನಿ (1397–1422) ಇದನ್ನು ಅರಮನೆಯ ಪಟ್ಟಣವಾಗಿ ಕಟ್ಟಿಸಿದನು. ಬಹಮನಿ ರಾಜಧಾನಿ ಬೀದರಿಗೆ ಹೋದ ಮೇಲೆ ಕೆಲವೇ ದಶಕಗಳಲ್ಲಿ ಇದು ಬರಿದಾಯಿತು. ಮೇಲೆ ಬೇರೆ ಊರು ಬೆಳೆಯದೆ ಬಿಟ್ಟದ್ದರಿಂದ ಕೋಟೆ, ಬಾಗಿಲು, ಮಸೀದಿ, ಸ್ನಾನಗೃಹಗಳ ವಿನ್ಯಾಸ ಇಂದಿಗೂ ನೆಲದ ಮೇಲೆ ಓದಲು ಸಿಗುತ್ತದೆ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ 1992ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಇದೇ ಆಧಾರ. ಇದಕ್ಕೆ ತದ್ವಿರುದ್ಧವಾಗಿ, ಜನ ಬಿಡದೆ ಇದ್ದುದರಿಂದ, ಮಳಖೇಡದಲ್ಲಿ ರಾಜಧಾನಿಯ ವಿನ್ಯಾಸ ಅಳಿಸಿಹೋಗಿದೆ.

ಹಳ್ಳಿಗಳ ಮಟ್ಟದಲ್ಲಿ ಕಾಣುವುದು ಅಗಸಿ, ಹುಡೆ ಮತ್ತು ವಾಡೆ. ಅಗಸಿ ಊರಬಾಗಿಲು, ಹುಡೆ ಕಾವಲಿನ ದುಂಡು ಬುರುಜು, ವಾಡೆ ಗೌಡ, ದೇಸಾಯಿ, ಜಹಗೀರುದಾರರ ಎತ್ತರದ ಗೋಡೆಯ ಮನೆ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿನ ಹಲವು ಹಳ್ಳಿಗಳು ಸರದಾರ ಮನೆತನಗಳ ಪಾಯಗಾ ಮತ್ತು ಜಹಗೀರುಗಳಿಗೆ ಸೇರಿದ್ದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ, 1949ರಲ್ಲಿ ಜಹಗೀರು ರದ್ದಾಯಿತು. ಹುಟ್ಟುವಳಿ ನಿಂತ ವಾಡೆಗಳು ಪಾಲಾಗಿ, ಮಾಳಿಗೆ ಸೋರಿ, ತೊಲೆಗಳು ಮಾರಾಟವಾದವು. ಇವುಗಳ ವ್ಯವಸ್ಥಿತ ಸಮೀಕ್ಷೆ ಸ್ತೂಪ, ಕೋಟೆಗಳಿಗೆ ಸಿಕ್ಕಷ್ಟು ಗಮನ ಪಡೆದಿಲ್ಲ.

ಕೈಗಾರಿಕಾ ಅವಶೇಷಗಳು

ಬೊಂಬಾಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ 1871ರಲ್ಲಿ ರಾಯಚೂರು ಮುಟ್ಟಿತು. ಅದರ ಮೇಲಿನ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಮಾರ್ಗ 1874ರಲ್ಲಿ ತೆರೆಯಿತು. ವಾಡಿ ಜಂಕ್ಷನ್ ಆದದ್ದು ಹೀಗೆ. ಅದುವರೆಗೆ ಬಂಡಿ ಹೋಗುವಷ್ಟು ದೂರಕ್ಕೆ ಮಾತ್ರ ಸಾಗುತ್ತಿದ್ದ ಫರ್ಶಿ ಈಗ ಮುಂಬಯಿ, ಪುಣೆಗಳ ಮನೆಗಳ ನೆಲವಾಯಿತು. ಮರಾಠಿ ನಾಡಿನಲ್ಲಿ ‘ಶಹಾಬಾದಿ ಫರ್ಶಿ’ ಎಂಬುದು ಇಂದಿಗೂ ಮನೆಮಾತು.

ಶಹಾಬಾದಿನ ಸಿಮೆಂಟ್ ಕಾರ್ಖಾನೆ 1920ರ ದಶಕದ್ದು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತು. ಬಾಯ್ಲರ್ ಮತ್ತು ಭಾರಿ ಯಂತ್ರ ತಯಾರಿಕೆಯ ಕಾರ್ಖಾನೆಯೂ ಪಕ್ಕದಲ್ಲಿ ಬಂತು. ಕಾರ್ಮಿಕರ ವಸತಿ, ಶಾಲೆ, ಆಸ್ಪತ್ರೆ, ಕ್ಲಬ್ಬುಗಳಿದ್ದ ಕಾರ್ಖಾನೆ ಕಾಲೊನಿಗಳು ಶಹಾಬಾದನ್ನು ಸುತ್ತಲ ಕೃಷಿ ಸೀಮೆಗಿಂತ ಬೇರೆಯಾದ ಪಟ್ಟಣವನ್ನಾಗಿ ಮಾಡಿದವು. ಎಸಿಸಿ ಕೈಬಿಟ್ಟ ಮೇಲೆ ಸಿಮೆಂಟ್ ಕಾರ್ಖಾನೆಯ ಒಡೆತನ ಬದಲಾಗಿ, ಕಡೆಗೆ ಉತ್ಪಾದನೆ ನಿಂತಿತು.

ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಭಾರತೀಯ ಸಿಮೆಂಟ್ ನಿಗಮ ತನ್ನ ಮೊದಮೊದಲ ಘಟಕಗಳಲ್ಲಿ ಒಂದನ್ನು 1972ರಲ್ಲಿ ಆರಂಭಿಸಿತು. ವಾರ್ಷಿಕ ಸಾಮರ್ಥ್ಯ ಸುಮಾರು 2 ಲಕ್ಷ ಟನ್. ಸಿಮೆಂಟಿನ ಬೆಲೆ ಮತ್ತು ಹಂಚಿಕೆಯ ಮೇಲಿದ್ದ ಸರ್ಕಾರಿ ನಿಯಂತ್ರಣ 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿ ಹೋಯಿತು. ದೊಡ್ಡ ಖಾಸಗಿ ಘಟಕಗಳ ಎದುರು ಸಣ್ಣ ಸಾಮರ್ಥ್ಯದ ಸರ್ಕಾರಿ ಘಟಕಗಳು ನಷ್ಟಕ್ಕೆ ಬಿದ್ದವು. 1996ರಲ್ಲಿ ನಿಗಮ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಹೋಯಿತು. 1998ರಲ್ಲಿ ಕುರಕುಂಟಾ ನಿಂತಿತು. 2006ರ ಪುನಶ್ಚೇತನ ಯೋಜನೆ ನಿಗಮದ ಮೂರು ಘಟಕಗಳನ್ನಷ್ಟೇ ಉಳಿಸಿಕೊಂಡಿತು. ಅವುಗಳಲ್ಲಿ ಒಂದು ಗಡಿಯಾಚೆ ಅನತಿದೂರದ ತಾಂಡೂರು. ಕುರಕುಂಟಾ ಮುಚ್ಚುವ ಪಟ್ಟಿಯಲ್ಲಿ ಸೇರಿತು.

ಇಲ್ಲಿ ಗಮನಿಸಬೇಕಾದದ್ದು, ಕಲ್ಲು ಮುಗಿದು ಕಾರ್ಖಾನೆ ನಿಂತದ್ದಲ್ಲ. 1968ರಲ್ಲಿ ವಾಡಿಯಲ್ಲಿ ಎಸಿಸಿ, 1980ರ ದಶಕದಲ್ಲಿ ಮಳಖೇಡದ ಬಳಿ ರಾಜಶ್ರೀ ಮತ್ತು ಸೇಡಂನಲ್ಲಿ ವಾಸವದತ್ತಾ ಕಾರ್ಖಾನೆಗಳು ಅದೇ ಸುಣ್ಣಕಲ್ಲಿನ ಮೇಲೆ ಎದ್ದವು. ಕುರಕುಂಟಾ ಮುಚ್ಚಿದ ಮೂರೇ ವರ್ಷಕ್ಕೆ, 2001ರಲ್ಲಿ, ವಾಡಿಯಲ್ಲಿ ವರ್ಷಕ್ಕೆ 26 ಲಕ್ಷ ಟನ್ ಸಾಮರ್ಥ್ಯದ ಹೊಸ ಘಟಕ ಶುರುವಾಯಿತು. ಕಲಬುರಗಿ ಈಗಲೂ ದೇಶದ ಪ್ರಮುಖ ಸಿಮೆಂಟ್ ಜಿಲ್ಲೆಗಳಲ್ಲಿ ಒಂದು. ಘಟಕಗಳು ಅವನತಿ ಹೊಂದಿವೆ, ಉದ್ದಿಮೆ ಹೊಂದಿಲ್ಲ.

ಫರ್ಶಿ ಗಣಿಗಾರಿಕೆಯ ಕಥೆ ಬೇರೆ. ವಿಟ್ರಿಫೈಡ್ ಟೈಲ್ಸ್ ಅಗ್ಗವಾದಂತೆ ನಗರಗಳ ಬೇಡಿಕೆ ಇಳಿಯಿತು. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಕಲ್ಲು ತೆಗೆದು ಬಿಟ್ಟ ಖಣಿಗಳು ಮಳೆನೀರು ತುಂಬಿದ ಹೊಂಡಗಳಾಗಿವೆ. ಒಡೆದ ಚಪ್ಪಡಿಯ ರಾಶಿಗಳು ರಸ್ತೆಯ ಎರಡೂ ಬದಿಗೆ ಗುಡ್ಡೆಯಾಗಿವೆ.

ಅವನತಿಯ ಕಾರಣಗಳು

ಮೇಲಿನ ನೆಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಪ್ರಧಾನ ಕಾರಣ ಆಶ್ರಯದ ಸ್ಥಳಾಂತರ. ಸ್ತೂಪಕ್ಕೆ ದಾನಿಗಳು, ಮಾನ್ಯಖೇಟಕ್ಕೆ ಆಸ್ಥಾನ, ನಾಗಾವಿಗೆ ದತ್ತಿ, ಫಿರೋಜಾಬಾದಿಗೆ ಸುಲ್ತಾನ, ವಾಡೆಗೆ ಜಹಗೀರಿನ ಹುಟ್ಟುವಳಿ, ಕುರಕುಂಟಾಕ್ಕೆ ಕೇಂದ್ರದ ಬಂಡವಾಳ: ಆಧಾರ ಹೊರಗಿನದು, ಅದು ಸರಿದ ಮೇಲೆ ಸ್ಥಳೀಯ ಉತ್ಪತ್ತಿ ಅದರ ಜಾಗ ತುಂಬಲಿಲ್ಲ. ದಂಡಯಾತ್ರೆ, ನೆರೆ, ಬರಗಳು ಪೂರಕ ಕಾರಣಗಳು. 972ರ ದಾಳಿ ಇದಕ್ಕೆ ಅಪವಾದದಂತೆ ಕಂಡರೂ ಊರಿನ ಕೇಂದ್ರಸ್ಥಾನ ತಪ್ಪಿದ್ದು ಅದರಿಂದಲ್ಲ ಎಂಬುದನ್ನು ಮೇಲೆ ವಿವರಿಸಿದೆ.

ಸಮಾಜದ ಸ್ಥಿತಿಗೂ ಇದೇ ಮಾತು ಒಪ್ಪುತ್ತದೆ. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿವೆ. ದೊಡ್ಡ ಸಿಮೆಂಟ್ ಘಟಕಗಳಿರುವ ತಾಲ್ಲೂಕುಗಳೇ ಶಿಕ್ಷಣ, ಆರೋಗ್ಯ, ನೀರಾವರಿಯಲ್ಲಿ ಹಿಂದೆ ಇದ್ದವು. ಕೂಲಿಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವುದು ಈ ಸೀಮೆಯಲ್ಲಿ ಹಳೆಯ ರೂಢಿ. ಸಂವಿಧಾನದ 371(ಜೆ) ವಿಧಿ 2013ರಿಂದ, ಈ ಜಿಲ್ಲೆ ಸೇರಿದ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಮತ್ತು ಪ್ರತ್ಯೇಕ ಅಭಿವೃದ್ಧಿ ಮಂಡಳಿಗೆ ಅವಕಾಶ ಕೊಟ್ಟಿತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಮಾನ್ಯಖೇಟದಿಂದ ರಾಜಧಾನಿ ಹೋದ ಊರಿನ ಹೆಸರೇ ಪ್ರದೇಶಕ್ಕೆ ಬಂತು.

ಮರುಬಳಕೆ

ಅವಶೇಷಗಳ ಬಳಕೆ ಹಲವು ಬಗೆಯದು. ಪೂಜೆ ಮೊದಲನೆಯದು: ಶಾಸನದ ಚಪ್ಪಡಿ ಪೀಠವಾದದ್ದು, ಭಗ್ನ ಶಿಲ್ಪಗಳು ಬೇರೆ ದೇವರ ಹೆಸರಿನಲ್ಲಿ ಕುಂಕುಮ ಹಚ್ಚಿಸಿಕೊಳ್ಳುವುದು, ವೀರಗಲ್ಲುಗಳು ಹನುಮಪ್ಪನ ಕಟ್ಟೆಗೆ ಬಂದು ಸೇರುವುದು ಈ ಬಗೆ. ಎರಡನೆಯದು ಕಟ್ಟಡ ಸಾಮಗ್ರಿಯಾಗಿ. ಮೂರನೆಯದು ಬೇಸಾಯ. ಕಪ್ಪು ಮಣ್ಣಿನ ದಿಬ್ಬಗಳು ತೊಗರಿ ಮತ್ತು ಜೋಳದ ಹೊಲಗಳಾಗಿವೆ. ನೇಗಿಲಿಗೆ, ಈಗ ಟ್ರ್ಯಾಕ್ಟರಿಗೆ, ಬೋಕಿಬಿಲ್ಲೆಗಳು ಎದ್ದುಬರುತ್ತವೆ. ಪ್ರವಾಸಕ್ಕಾಗಿ ಬಳಕೆ ತೀರ ಈಚಿನದು, ಪ್ರಮಾಣವೂ ಸಣ್ಣದು. ಹಂಪಿ, ಬಾದಾಮಿಗಳಿಗೆ ಹೋಗುವವರ ದಾರಿಯಲ್ಲಿ ಮಳಖೇಡ ಬರುವುದಿಲ್ಲ.

ಸದ್ಯದ ಸ್ಥಿತಿ

ಕನಗನಹಳ್ಳಿ ಭಾರತೀಯ ಪುರಾತತ್ವ ಸರ್ವೇಕ್ಷಣದ ಹೊಣೆಯಲ್ಲಿದೆ. ಉತ್ಖನನವಾಗಿ ಎರಡು ದಶಕ ಫಲಕಗಳು ಬಹುಪಾಲು ನೆಲದ ಮೇಲೆ, ತಾತ್ಕಾಲಿಕ ಮಾಡಿನ ಕೆಳಗೆ ಇದ್ದವು. 2022ರಲ್ಲಿ ಸ್ತೂಪದ ಸಂರಕ್ಷಣೆ ಮತ್ತು ಮರುಜೋಡಣೆಯ ಕೆಲಸ ಕೈಗೆತ್ತಿಕೊಳ್ಳಲಾಯಿತು. ಭೀಮೆಗೆ ಸನ್ನತಿಯಲ್ಲಿ ಬ್ಯಾರೇಜು ಇರುವುದರಿಂದ ನೀರಿನ ಮಟ್ಟ ಈ ನೆಲೆಗಳ ಸಂರಕ್ಷಣೆಯಲ್ಲಿ ಸದಾ ಲೆಕ್ಕಕ್ಕೆ ಬರುತ್ತದೆ. ಮಳಖೇಡ ಕೋಟೆಯ ಕೆಲವು ಭಾಗಗಳನ್ನು ರಾಜ್ಯ ಪುರಾತತ್ವ ಇಲಾಖೆ ದುರಸ್ತಿ ಮಾಡಿಸಿದೆ. ಮಳೆಗಾಲದಲ್ಲಿ ಕಾಗಿಣಾ ಉಕ್ಕಿದಾಗ ನೀರು ಮಠದ ಆವರಣಕ್ಕೂ ನುಗ್ಗುವುದುಂಟು. 2020ರ ಅಕ್ಟೋಬರಿನಲ್ಲಿ ದೊಡ್ಡ ನೆರೆ ಬಂದಿತ್ತು. ರಾಷ್ಟ್ರಕೂಟರ ಪದರದವರೆಗೆ ಇಳಿಯುವ ವಿಸ್ತಾರವಾದ ಉತ್ಖನನ ಮಳಖೇಡದಲ್ಲಿ ಆಗಿಲ್ಲ. ಜನವಸತಿಯ ಕೆಳಗೆ ಇರುವ ಪಟ್ಟಣವನ್ನು ಅಗೆಯುವುದು ಎಲ್ಲೆಡೆಯೂ ತೊಡಕಿನ ಕೆಲಸ.

ಕೈಗಾರಿಕಾ ಅವಶೇಷಗಳಿಗೆ ಕಾನೂನಿನ ರಕ್ಷಣೆ ಇಲ್ಲ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ಕನಿಷ್ಠ 100 ವರ್ಷ ಹಳೆಯದಾದ ಕಟ್ಟಡವನ್ನು ಮಾತ್ರ ಸ್ಮಾರಕವೆಂದು ಪರಿಗಣಿಸುತ್ತದೆ. ಶಹಾಬಾದಿನ ಸಿಮೆಂಟ್ ಕಾರ್ಖಾನೆಯ ಅತಿ ಹಳೆಯ ಭಾಗಗಳು ಆ ವಯಸ್ಸಿಗೆ ಈಗಷ್ಟೇ ಬರುತ್ತಿವೆ. ಕುರಕುಂಟಾದ ಘಟಕ 2072ರವರೆಗೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದುವರೆಗೆ ಅವುಗಳ ಗೂಡು, ಚಿಮಣಿ, ಶೆಡ್ಡುಗಳನ್ನು ಇಟ್ಟುಕೊಳ್ಳುವುದೂ ಗುಜರಿಗೆ ಹಾಕುವುದೂ ಒಡೆತನ ಇರುವವರ ತೀರ್ಮಾನ.